ತಂಗಿಯ ಕೈಯಲ್ಲಿ ನನ್ನ ನಂಬರು

"ನನ್ನ ಫೋನು ಬಡ್ಕೊಂಡ್ರೆ ನೀನ್ಯಾಕೆ ಎತ್ತೋದು? ನಾನೇನು ಸತ್ತಿದ್ದೀನಾ?"

ನನ್ನ ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಇತ್ತು. ತಂಗಿ ಒಂದು ಹೆಜ್ಜೆ ಹಿಂದೆ ಸರಿದೇ ಉತ್ತರ ಕೊಟ್ಟಳು. "ನಿನ್ನ ಕೈ ಖಾಲಿ ಇರಲಿಲ್ಲ ಅಕ್ಕಾ."

"ಇಲ್ಲದಿದ್ರೆ ಬಿಡು. ಇಪ್ಪತ್ತು ಸಲ ಬಡ್ಕೊಳ್ಳಲಿ."

ನಮ್ಮದು ಹೊಲಿಗೆ ಅಂಗಡಿ. ಹದಿನೆಂಟು ವರ್ಷದಿಂದ ಬೋರ್ಡಿನ ಮೇಲಿರುವುದು ನನ್ನ ನಂಬರು. ತಂಗಿ ಬಂದು ಸೇರಿ ನಾಲ್ಕು ವರ್ಷ. ಹೊಸ ಫೋನು ಕೊಂಡಾಗ ಅಂಗಡಿಯವನು, ಇದಕ್ಕೆ ಸಿಮ್ ತುರುಕುವ ಹಾಗಿಲ್ಲ, ಕಾರ್ಡಿಲ್ಲದೆ ಫೋನಿನೊಳಗೇ ಕೂರುವ ಇಸಿಮ್ ಹಾಕಿಕೊಡುತ್ತೇನೆ, ಜೊತೆಗೆ ಈ ಕೈಗಡಿಯಾರ ಕೊಂಡರೆ ಅದೇ ನಂಬರಿನ ಕರೆ ಅದರಲ್ಲೂ ಬರುತ್ತದೆ ಅಂದ. ಮಿಷನ್ನಿನ ಸದ್ದಿಗೆ ಎಷ್ಟೋ ಕರೆ ತಪ್ಪುತ್ತಿದ್ದವು. ಗಡಿಯಾರವನ್ನು ತಂಗಿಯ ಕೈಗೆ ಕಟ್ಟಿದವಳು ನಾನೇ.

ಎರಡೂ ಒಟ್ಟಿಗೆ ಬಡಿದುಕೊಳ್ಳುತ್ತವೆ, ಒಂದನ್ನು ಎತ್ತಿದರೆ ಇನ್ನೊಂದು ತೆಪ್ಪಗಾಗುತ್ತದೆ. ನಾನು ಸೂಜಿ ಚುಚ್ಚಿಟ್ಟು ಕನ್ನಡಕ ಹುಡುಕುವಷ್ಟರಲ್ಲಿ ಇವಳು ಮಣಿಕಟ್ಟಿಗೆ ಮುಖ ಕೊಟ್ಟು ನಗುತ್ತಿರುತ್ತಾಳೆ. ನನ್ನ ಗಿರಾಕಿಗಳು ಹದಿನೆಂಟು ವರ್ಷ ನನ್ನ ಹತ್ತಿರ ತೋಳುದ್ದ, ಸೊಂಟದಳತೆ ಬಿಟ್ಟು ಬೇರೆ ಮಾತಾಡಿದವರಲ್ಲ. ಈಗ ಬಂದವರು "ಚಿಕ್ಕವರಿಲ್ವಾ?" ಅಂತ ನನ್ನ ತಲೆ ಮೇಲಿಂದ ಒಳಗೆ ಇಣುಕುತ್ತಾರೆ. ಹೊಟ್ಟೆ ಉರಿಯುತ್ತಿತ್ತು. ಸುಳ್ಳು ಯಾಕೆ ಹೇಳಲಿ.

ಅದೂ ಅಲ್ಲದೆ ಅದು ಹೆಡ್‌ಮಿಸ್ಸು ಶಾಲೆಯ ಯೂನಿಫಾರ್ಮಿಗೆ ಫೋನು ಮಾಡುವ ವಾರ. ಆ ಕೆಲಸ ಹಿಡಿದು ತಂದವಳು ನಾನು. ಪ್ರತಿ ವರ್ಷ ಆಕೆ ಮಾತಾಡುವುದು ನನ್ನ ಜೊತೆ. ಅದೊಂದು ಕರೆಯನ್ನು ಇವಳಿಗೆ ಬಿಡಲು ನಾನು ಸಿದ್ಧವಿರಲಿಲ್ಲ.

ಇಸ್ತ್ರಿಪೆಟ್ಟಿಗೆ ಇಟ್ಟು ಫೋನಿನ ಸೆಟ್ಟಿಂಗ್ ತೆಗೆದೆ. 'ಇಸಿಮ್ ಅಳಿಸಿ' ಅಂತ ಕಂಡಿತು. ಆ ಇಸಿಮ್ಮು ಮನೆಗೆ ಬಂದದ್ದೇ ಗಡಿಯಾರದ ಜೊತೆ, ಅದನ್ನು ತೆಗೆದರೆ ಗಡಿಯಾರದ ಬಾಯಿ ಮುಚ್ಚುತ್ತದೆ ಅಂತ ನನ್ನ ಲೆಕ್ಕ. ಖಚಿತವೇ ಅಂತ ಎರಡು ಸಲ ಕೇಳಿತು. ಎರಡು ಸಲವೂ ಹೌದು ಒತ್ತಿದೆ.

"ಏನ್ ಮಾಡ್ತಿದ್ದೀಯಾ ಅಕ್ಕಾ?"

"ನಿನ್ನ ಬಾಲ ಕತ್ತರಿಸಿದೆ."

ಅರ್ಧ ಗಂಟೆಯಲ್ಲಿ ಮೂರು ಕರೆ ಬಂದವು. ಮೂರೂ ತಂಗಿಯ ಕೈಗೇ. ನನ್ನ ಫೋನು ಕಲ್ಲಿನ ಹಾಗೆ ಬಿದ್ದಿತ್ತು. ಗಡಿಯಾರದೊಳಗೆ ಅದರದ್ದೇ ಬೇರೆ ಇಸಿಮ್ ಇತ್ತು, ನಾನು ಅಳಿಸಿದ್ದು ನನ್ನ ಫೋನಿನದನ್ನೇ.

"ಸಿಟ್ಟಲ್ಲಿ ಕೊಯ್ಕೊಂಡ ಮೂಗು ಶಾಂತಿ ಬಂದ್ಮೇಲೆ ಅಂಟಲ್ಲ ಕಣೇ," ಅಂದಳು ತಂಗಿ, ನಗು ತಡೆದುಕೊಂಡು. ಅಷ್ಟರಲ್ಲಿ ಗಡಿಯಾರ ಮತ್ತೆ ಬಡ್ಕೊಂಡಿತು. "ಹೆಡ್‌ಮಿಸ್ಸು. ನೀನೇ ಮಾತಾಡು."

ಅವಳ ಮಣಿಕಟ್ಟಿಗೆ ಬಗ್ಗಿ ನಮಸ್ಕಾರ ಹೇಳಿದೆ.

"ಓ, ನೀವಾ. ಚಿಕ್ಕವರಿಗೆ ಕೊಡ್ತೀರಾ? ಹೋದ ವಾರವೇ ಅವರ ಹತ್ರ ಎಲ್ಲಾ ಮಾತಾಡಿದ್ದೀನಿ."

ತಂಗಿ "ಆಮೇಲೆ ಮಾಡ್ತೀನಿ ಮಿಸ್" ಅಂತ ಕರೆ ನಿಲ್ಲಿಸಿದಳು. "ಹೇಳ್ಬೇಕು ಅಂತಿದ್ದೆ ಅಕ್ಕಾ. ಕುಣೀತೀಯ ಅಂತ ಹೆದರಿದೆ. ಕೆಲಸ ಬಂದಿದ್ದು ಅಂಗಡಿಗೆ ತಾನೆ?"

"ಗಂಡನ ಮನೇಲಿ ಬಾಳೋಕಾಗದೆ ನನ್ನ ಬಾಗಿಲಿಗೆ ಬಂದವಳು ನೀನು," ಅಂದೆ. "ಈಗ ಬೋರ್ಡನ್ನೂ ಹೊತ್ಕೊಂಡು ಹೋಗು."

ತಂಗಿ ಗಡಿಯಾರ ಬಿಚ್ಚಿ ಬಟ್ಟೆ ಕತ್ತರಿಸುವ ಮೇಜಿನ ಮೇಲಿಟ್ಟಳು. ಸೆರಗಿಗೆ ಅಂಟಿದ್ದ ದಾರದ ತುಂಡುಗಳನ್ನು ಒಂದೊಂದಾಗಿ ಕಿತ್ತಳು. ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದಳು.

ಊಟದ ಹೊತ್ತಿಗೆ ಬರುತ್ತಾಳೆ ಅಂದುಕೊಂಡು ನಾನು ಇಸ್ತ್ರಿ ಮುಂದುವರಿಸಿದೆ. ಬರಲಿಲ್ಲ. ಆಮೇಲೂ ಬರಲಿಲ್ಲ.