ಡಬ್ಬಿಯಲ್ಲಿ ಕೂತ ಮಣ್ಣೆತ್ತು

ಧಾರಾವಿಯ ನಮ್ಮ ಬಾಲವಾಡಿಯಲ್ಲಿ ನೆಲದ ಮೇಲೆ ಎರಡು ದೊಡ್ಡ ಸೊನ್ನೆ ಬರೆದು, ಜೀವ ಇರುವುದನ್ನು ಇದರಲ್ಲಿಡಿ, ಇಲ್ಲದ್ದನ್ನು ಅದರಲ್ಲಿಡಿ ಎಂದಿದ್ದೆ. ಮಕ್ಕಳು ಚಪ್ಪಲಿ, ತುಳಸಿ ಎಲೆ, ಒಂದು ಇರುವೆ ತಂದಿಟ್ಟವು. ನಾಲ್ಕು ವರ್ಷದ ಶಿವಕುಮಾರಿ, ಹಿಂದಿನ ದಿನ ಮಣ್ಣೆತ್ತಿನ ಅಮಾವಾಸ್ಯೆಗೆ ಮನೆಯಲ್ಲಿ ಪೂಜೆ ಮಾಡಿದ್ದ ಮಣ್ಣಿನ ಎತ್ತನ್ನು ಜೀವದ ಸೊನ್ನೆಯಲ್ಲಿ ನಿಲ್ಲಿಸಿದಳು.

“ಇದಕ್ಕ ಜೀವ ಇಲ್ಲವ್ವ,” ಎಂದೆ.

“ಐತ್ರಿ. ನಿನ್ನೆ ಹೋಳಿಗಿ ತಿಂದೈತಿ.”

“ಇಲ್ಲ ಅಂದ್ರ ಇಲ್ಲ.”

ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಅವಳ ಮೊಲಕ್ಕೂ ಅಷ್ಟೇ. ಎತ್ತನ್ನು ಎತ್ತಿಕೊಂಡು ಮನೆಗೆ ಹೋದ ಹುಡುಗಿ ಮರುದಿನದಿಂದ ಬರಲಿಲ್ಲ.

ವಾರ ಕಾದು ಅವರ ಖೋಲಿಗೆ ಹೋದೆ. ತಾಯಿ ಮಲ್ಲಕ್ಕ ಬಾಗಿಲಲ್ಲಿ ಕೂತು ಪ್ಲಾಸ್ಟಿಕ್ ಆರಿಸುತ್ತಿದ್ದಳು.

“ಎತ್ತು ಸತ್ತೈತಿ ಅಂತ ತಿಳ್ಕೊಂಡಾಳ್ರಿ ಟೀಚರ್. ಅತ್ತು ಅತ್ತು ಮಣ್ಣು ಮಾಡ್ಯಾಳ. ಸಾಲಿ ಒಲ್ಲೆ ಅಂತಾಳ, ನೀವು ಎಲ್ಲಾರ್ದೂ ಜೀವ ತಗೀತೀರಂತ.”

ಹೋದ ವರ್ಷ ತೀರಿಕೊಂಡ ಅಜ್ಜನನ್ನು ಲಿಂಗಾಯತರ ಪದ್ಧತಿಯಂತೆ ಕೂಡಿಸಿ ಮಣ್ಣು ಮಾಡಿದ್ದನ್ನು ಹುಡುಗಿ ನೋಡಿದ್ದಳು. ಎತ್ತನ್ನೂ ಹಾಗೆಯೇ ಪೇಂಟಿನ ಡಬ್ಬಿಯಲ್ಲಿ ಕೂಡಿಸಿ, ಮಣ್ಣೆಳೆದು, ಮೇಲೆ ವಿಭೂತಿ ಉದುರಿಸಿದ್ದಳು. ಸೂರಿನ ತಗಡಿನಿಂದ ಸುರಿಯುವ ಮಳೆನೀರು ಅದರೊಳಗೇ ಬೀಳುತ್ತಿತ್ತು. ಡಬ್ಬಿಯಲ್ಲಿ ಎರಡು ಹಸಿರು ಮೊಳಕೆ ಎದ್ದಿದ್ದವು.

“ಎತ್ತಿನ ಕಣ್ಣಿಗೆ ಜೋಳದ ಕಾಳು ಒತ್ತಿದ್ದೆ ನೋಡ್ರಿ,” ಎಂದಳು ಮಲ್ಲಕ್ಕ.

ಡಬ್ಬಿಯ ಪಕ್ಕ ಕೂತಿದ್ದ ಶಿವಕುಮಾರಿ ನನ್ನ ಮುಖವನ್ನೂ ನೋಡಲಿಲ್ಲ. “ಅವು ಕೋಡು. ಎತ್ತು ಎದ್ದೈತಿ,” ಎಂದವಳೇ ಎರಡೂ ಕೈಯಿಂದ ಅಗೆಯತೊಡಗಿದಳು. ಬೇಡ ಎಂದರೆ ಈ ಹುಡುಗಿ ಇನ್ನೆಂದೂ ನನ್ನ ಹತ್ತಿರ ಬರುವುದಿಲ್ಲ. ಅಗೆದರೆ ಎತ್ತು ಸಿಗುವುದಿಲ್ಲ. ನನಗೆ ನಿಜಕ್ಕೂ ಭಯವಾಯಿತು.

ಎತ್ತು ಕರಗಿ ಕೆಸರಾಗಿತ್ತು. ಅವಳ ಕೈಗೆ ಬಂದದ್ದು ಒಂದು ಮೊಳಕೆ, ಅದರ ಬುಡದಲ್ಲಿ ಒಡೆದ ಕಾಳು, ಕೆಳಗೆ ಬಿಳಿ ಬೇರು. ಇನ್ನೂ ಆಳಕ್ಕೆ ಕೆದಕಿದಳು; ಎತ್ತು ಇರಲಿಲ್ಲ.

ಬೇರನ್ನು ಬೆರಳಿನಿಂದ ಮುಟ್ಟಿದಳು. “ಇದು ನೀರು ಕುಡಿತೈತೇನ್ರಿ?”

“ಕುಡಿತೈತಿ. ಬೆಳಿತೈತಿ.”

“ಎತ್ತು?”

ಸುಳ್ಳು ಹೇಳಿ ಪಾರಾಗಬಹುದಿತ್ತು. “ಅದು ಮೊದ್ಲಿಂದನೂ ಮಣ್ಣ ಐತವ್ವ. ಅದು ಸತ್ತಿಲ್ಲ.”

ಅವಳು ಕೆಸರಿನಲ್ಲಿ ಬೆರಳಿಂದ ತೂತು ಮಾಡಿ, ಬೇರು ಇಳಿಸಿ, ನನ್ನನ್ನು ಗದರಿದಳು.

“ಸುಮ್ನ ಕುಂತೀರಲ್ರೀ ಟೀಚರ್. ಹಿಡ್ಕೋರಿ, ಬೀಳ್ತೈತಿ. ಇದಕ್ಕ ಜೀವ ಐತಿ.”