ತಗಡಿನ ಒಲೆ

"ಒಡ್ಯೇ ಮುಂಡೆ. ಅದೇನ್ ನಿಮ್ಮಪ್ಪನ ಸಮಾದಿಯೇನೇ, ಅಂಗ್ ನೋಡ್ತಾ ನಿಂತಿದೀಯ?"

ಅಪ್ಪಾಜಿಗೌಡರು ಹೊಸಿಲಾಚೆಗೇ ನಿಂತಿದ್ದರು. ಕೇರಿಯ ಮನೆಯೊಳಕ್ಕೆ ಕಾಲಿಡುವವರಲ್ಲ. ಮಲ್ಲಿಗಮ್ಮ ಹಾರೆ ಎತ್ತಿದಳು. ಅತ್ತೆ ಮುದ್ದಮ್ಮ ಹುತ್ತದ ಮಣ್ಣು ಕಲಸಿ ಹಾಕಿಹೋದ ಒಲೆ. ಎರಡನೇ ಏಟಿಗೆ ಒಲೆಗುಂಡು ಕಿತ್ತು ಬಂತು. ಊರೂರಿಗೆ ಹೊಸ ಒಲೆ ಹಂಚುವ ಸಂಸ್ಥೆಯ ಮುರಳೀಕೃಷ್ಣ ಅದರ ಫೋಟೊ ಹಿಡಿದ. ತಗಡಿನ ಒಲೆಯೊಂದನ್ನು ಅವಳ ಕೈಗಿಟ್ಟು ಇನ್ನೊಂದು ಫೋಟೊ ಹಿಡಿದ.

"ನಿಮ್ಮ ಒಲೆ ಹೊಗೆಯಿಂದ ಭೂಮಿ ಬಿಸಿಯಾಗ್ತಿದೆ ಕಣಮ್ಮ. ಇದರಲ್ಲಿ ಹೊಗೆ ಕಮ್ಮಿ. ಕಮ್ಮಿಯಾದ ಹೊಗೆಗೆ ಹೊರದೇಶದ ಕಂಪನಿಯೋರು ದುಡ್ಡು ಕೊಡ್ತಾರೆ."

"ಅವ್ರಿಗೇನ್ ಲಾಬ ಸಾ?" ಗಂಡ ಗುಂಡಯ್ಯ ಮೂಲೆಯಿಂದ ಕೇಳಿದ.

"ಇಲ್ಲಿ ಕಮ್ಮಿಯಾದ ಹೊಗೆ ಅವರ ಲೆಕ್ಕಕ್ಕೆ. ಅವರ ಫ್ಯಾಕ್ಟರಿ ನಿಲ್ಲಿಸಬೇಕಾಗಿಲ್ಲ."

"ನಮ್ಗೆ?"

"ಒಲೆ ಪುಕ್ಕಟೆ ಅಲ್ವಾ?"

"ಗೌಡ್ರ ಬ್ಯಾರನ್ ಒಗೆ ಯಾವ್ ಆಕಾಸಕ್ಕೋಯ್ತದೆ ಸಾ?"

ಹೊಗೆಸೊಪ್ಪು ಬೇಯಿಸುವ ಆ ಬ್ಯಾರನ್ನಿಗೆ ಸೌದೆ ಒಟ್ಟುವವರು ಈ ಗಂಡಹೆಂಡಿರೇ. ಕೂಲಿ ಅಂತ ಇದ್ದದ್ದು ಅದೊಂದೇ. ಮುರಳೀಕೃಷ್ಣ ಕ್ಯಾಮೆರಾ ಒರೆಸಿದ. "ಅದು ನಮ್ಮ ಯೋಜನೆಗೆ ಬರಲ್ಲ."

"ಮುಚ್ಕಳ್ಲಾ ಬೋಳಿಮಗನೆ," ಅಂದರು ಗೌಡರು. ಊರಿನ ಒಲೆಗಳ ಉಸ್ತುವಾರಿ ಅವರದು, ಬರುವ ದುಡ್ಡಲ್ಲಿ ಪಾಲೂ ಇತ್ತು. "ತಪಾಸಣೆಯೋರು ಬಂದಾಗ ಕೇರೀಲಿ ಮಣ್ಣೊಲೆ ಕಂಡ್ರೆ ಬ್ಯಾರನ್ ತಾವ ಕಾಲಿಕ್ಬ್ಯಾಡಿ."

ಅವತ್ತು ಸಂಜೆ ಮಲ್ಲಿಗಮ್ಮ ಹೊಸ ಒಲೆಯ ಮೇಲೆ ಹಿಟ್ಟಿಗೆ ಎಸರಿಟ್ಟಳು. ಎಸರು ಮರಳಿತು. ರಾಗಿಹಿಟ್ಟು ಸುರಿದು, ಕವಲೊಡೆದ ಕವೆಗೋಲನ್ನು ಮಡಕೆಯ ಕೊರಳಿಗೆ ಕೊಟ್ಟು ಕಾಲಿನಲ್ಲಿ ಅದುಮಿ, ಮೈಭಾರ ಬಿಟ್ಟು ತೊಳಸತೊಡಗಿದಳು. ಮಣ್ಣೊಲೆ ಇಪ್ಪತ್ತು ವರ್ಷ ಹೊತ್ತಿದ್ದ ಭಾರ ಅದು. ತಗಡಿನ ಕಾಲು ಮಡಚಿಕೊಂಡಿತು. ಕುದಿಯುವ ಹಿಟ್ಟು ಅವಳ ಬಲಪಾದದ ಮೇಲೆ ಬಿತ್ತು.

ಅದನ್ನು ಕೈಯಲ್ಲಿ ಬಳಿದಳು. ಹಿಟ್ಟಿನ ಜೊತೆ ಚರ್ಮವೂ ಬಂತು. ಮಡಕೆಯೊಳಗೆ ಉಳಿದದ್ದನ್ನು ಗುಂಡಯ್ಯ ತಣಿಗೆಗೆ ಹಾಕಿದ. ಇಬ್ಬರೂ ಉಂಡರು.

ವಾರ ಬಿಟ್ಟು ಬಂದ ಮುರಳೀಕೃಷ್ಣ ಪಾದ ನೋಡಿದ. "ಇಟ್ಟು ತೊಳ್ಸುದ್ರೆ ಒಲೆ ಮಗುಚ್ಕತದೆ ಸಾ," ಅಂದಳು.

"ಅನ್ನ ಮಾಡ್ಕೊಳ್ಳಮ್ಮ. ಮುದ್ದೆ ತಿರುವೋಕೆ ಮಾಡಿದ ಒಲೆ ಅಲ್ಲ ಇದು."

"ದಿನಾ ಅಕ್ಕಿ ನೀವ್ ಕೊಟ್ಟೀರಾ?"

ಅವನು ಕ್ಯಾಮೆರಾ ಚೀಲಕ್ಕೆ ತುಂಬಿದ. "ನಾಳೆ ತಪಾಸಣೆ. ಕಾಲು ಸೀರೇಲಿ ಮುಚ್ಕೊಂಡಿರಿ. ಹೊಗೆ ಇಲ್ಲ, ಸುಖವಾಗಿದೀವಿ ಅಂತ ಹೇಳಿ."

ಮಾರನೇ ದಿನ ಅರಕಲಗೂಡು ಕಡೆಯಿಂದ ಜೀಪು ಬಂತು. ತಪಾಸಣೆಯವನು ಇಳಿದ, ಹಿಂದೆ ಮುರಳೀಕೃಷ್ಣ, ಗೌಡರು. ಮಲ್ಲಿಗಮ್ಮ ಬಾಗಿಲ ಮುಂದೆ, ಹಾದಿಯಲ್ಲೇ ಕೂತಿದ್ದಳು. ಒಡೆದ ಒಲೆಯ ಮೂರು ಗುಂಡುಗಳನ್ನು ಹಸಿ ಮಣ್ಣಿನಲ್ಲಿ ಕೂರಿಸಿ ಮಡಕೆ ಏರಿಸಿದ್ದಳು. ಸೀರೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿದ್ದಳು. ಸುಟ್ಟ ಪಾದ ಕವೆಗೋಲನ್ನು ಒತ್ತಿ ಹಿಡಿದಿತ್ತು. ಹಸಿ ಸೌದೆ, ಹೊಗೆ ಕೇರಿ ತುಂಬಿತ್ತು.

"ಕೊಟ್ಟ ಒಲೆ ಎಲ್ಲಮ್ಮ?" ತಪಾಸಣೆಯವನು ಕೆಮ್ಮಿದ.

"ಕಾಲ್ ಮುರ್ಕಂಡು ಒಳಗ್ ಮನಿಕಂಡದೆ ಸಾ."

"ಲೇ, ನಾಳೆಯಿಂದ ಬ್ಯಾರನ್ ತಾವ..." ಗೌಡರ ದನಿ ಏರಿತು.

"ಬರಾಕಿಲ್ಲ ಬುದ್ದಿ," ಅಂದಳು.

ಗುಂಡಯ್ಯ ನೆಲ ನೋಡುತ್ತ ನಿಂತಿದ್ದವನು ಬಗ್ಗಿ ಇನ್ನೊಂದು ಕೊಳ್ಳಿ ಒಲೆಗೆ ತಳ್ಳಿದ. ಅವಳು ಹಿಟ್ಟು ತೊಳಸಿದಳು. ಪಾದದ ಗಾಯ ಬಿರಿದು ನೀರು ಕವೆಗೋಲಿನ ಮೇಲೆ ಇಳಿಯಿತು. ತಪಾಸಣೆಯವನು ಕಣ್ಣೊರೆಸಿಕೊಂಡು ಒಲೆಯ ಫೋಟೊ ಹಿಡಿದ. ಅವನ ಬೆನ್ನ ಹಿಂದೆ, ಗೌಡರ ಬ್ಯಾರನ್ನಿನ ಹೊಗೆ ನೆಟ್ಟಗೆ ಮೇಲಕ್ಕೆ ಹೋಗುತ್ತಿತ್ತು.

"ವಸಿ ಅತ್ಲಾಗ್ ನಿಂತ್ಕಳಿ ಸಾ," ಅಂದಳು ಮಲ್ಲಿಗಮ್ಮ. "ಒಲೆಗೆ ಗಾಳಿ ಬತ್ತಿಲ್ಲ."