ನೀರಿನ ತಳದ ಸಹಿಗಳು

ನಾಗಲಿಂಗ ಮಾಸ್ತರು ಮೂವತ್ತೆರಡು ವರ್ಷ ಮಕ್ಕಳಿಗೆ ಅರ್ಜಿ ಬರೆಯುವುದನ್ನು ಕಲಿಸಿದವರು. ಮೇಲೆ ತಾರೀಖು, ಕೆಳಗೆ ಹೆಸರು, ಹೆಸರಿನ ಮುಂದೆ ಸಾಕಿನ್, ಅಂದರೆ ವಾಸದ ಊರು. ಇದರಲ್ಲಿ ತಪ್ಪಿದ ಹುಡುಗನ ಕಿವಿ ಅವರ ಕೈಯಿಂದ ಪಾರಾದದ್ದಿಲ್ಲ. ಅಂಥವರು ಅರವತ್ತೇಳನೆಯ ವಯಸ್ಸಿನಲ್ಲಿ, ಜೀವಮಾನದ ಅತಿ ದೊಡ್ಡ ಅರ್ಜಿಯಲ್ಲಿ, ಅದೇ ಸಾಕಿನ್ ತಪ್ಪು ಬರೆದು ಕೂತಿದ್ದರು. ಈಗ ಯಾರ ಕಿವಿ ಹಿಂಡಬೇಕು?

ತಪ್ಪು ಹೊರಬಿದ್ದದ್ದು ಬಾಗಲಕೋಟೆಯ ನವನಗರದಲ್ಲಿ, ಉಪವಿಭಾಗಾಧಿಕಾರಿಯ, ಅಂದರೆ ಎಸಿ, ಕಚೇರಿಯ ವಿಚಾರಣೆಯಲ್ಲಿ, ತುಂಬಿದ ಕೋಣೆಯ ನಡುವೆ.

ಸಂಗತಿ ಹೀಗೆ. ಅಣೆಕಟ್ಟಿನ ಹಿನ್ನೀರು ಏರಿದಾಗ ಹಿರೇಹೊಳಿ, ಕೆಂಚರಟ್ಟಿ ಎಂಬ ಎರಡು ಊರು ಮುಳುಗಿದವು. ಸರಕಾರ ಎರಡೂ ಊರಿನವರನ್ನು ಹುನಗುಂದದ ದಾರಿಯ ಒಂದು ಬಯಲಿಗೆ ತಂದು, ನಡುವೆ ಒಂದು ಗಲ್ಲಿ ಬಿಟ್ಟು ಆಚೆ ಈಚೆ ಕೂರಿಸಿ, ಪುನರ್ವಸತಿ ಕೇಂದ್ರ ಎಂದು ಬೋರ್ಡು ಹಾಕಿ ಕೈತೊಳೆದುಕೊಂಡಿತು. ಇಪ್ಪತ್ತು ವರ್ಷ ಕಳೆದರೂ ಅದಕ್ಕೆ ತನ್ನದೆನ್ನುವ ಪಂಚಾಯ್ತಿ ಇಲ್ಲ. ಮೂಡಲ ಕಡೆಯ ಪಂಚಾಯ್ತಿ ನಮ್ಮದು ಎನ್ನುತ್ತಿತ್ತು, ಪಡುವಲ ಕಡೆಯದೂ ನಮ್ಮದು ಎನ್ನುತ್ತಿತ್ತು. ಕರ ಕೇಳಲು ಇಬ್ಬರೂ ಹಾಜರು. ನಳ ಕೆಟ್ಟರೆ ಮಾತ್ರ ಇವರು ಅವರ ಕಡೆ ಬೆರಳು ತೋರಿಸುತ್ತಿದ್ದರು, ಅವರು ಇವರ ಕಡೆ.

ನಮ್ಮ ಊರನ್ನು ನಾವೇ ನೋಡಿಕೊಳ್ಳುತ್ತೇವೆ, ನಮಗೊಂದು ಪಂಚಾಯ್ತಿ ಕೊಡಿ ಎಂದು ಮಾಸ್ತರು ಹನ್ನೊಂದು ವರ್ಷ ಚಪ್ಪಲಿ ಸವೆಸಿದ್ದರು. ಈಗ ಪಂಚಾಯ್ತಿಗಳ ಮರುವಿಂಗಡಣೆ ಬಂದಿತ್ತು. ಎಂದೂ ಒಂದಾಗದ ಆ ಎರಡು ಪಂಚಾಯ್ತಿಗಳು ಇದಕ್ಕೆ ಮಾತ್ರ ಒಂದಾಗಿ ಸತ್ಯಬೋಧ ವಕೀಲರನ್ನು ಹಿಡಿದಿದ್ದವು. ಅವರ ವಾದ ಸರಳ. ಇದು ಒಂದು ಊರೇ ಅಲ್ಲ, ಎರಡು. ಗಲ್ಲಿಯಲ್ಲಿ ಗೆರೆ ಎಳೆದು ಹಿರೇಹೊಳಿಯವರನ್ನು ಮೂಡಲಿಗೆ, ಕೆಂಚರಟ್ಟಿಯವರನ್ನು ಪಡುವಲಿಗೆ ಹಂಚಿಬಿಡಿ.

"ಮೇಡಂ, ಅವರ ಅರ್ಜಿನ ನೋಡ್ರಿ," ಎಂದರು ವಕೀಲರು, ತುಟಿಯಂಚಿನಲ್ಲಿ ನಗುತ್ತ. "ಅರ್ಧ ಮಂದಿ ಸಾಕಿನ್ ಹಿರೇಹೊಳಿ, ಅರ್ಧ ಮಂದಿ ಸಾಕಿನ್ ಕೆಂಚರಟ್ಟಿ. ಎರಡೂ ನೀರಿನ ತಳದಾಗ ಅವ. ಅರ್ಜಿದಾರರು ಮೀನಿನ ಜೋಡಿ ಸಂಸಾರ ಮಾಡ್ಲಿಕ್ಕತ್ತಾರೇನ್ರಿ? ಇಲ್ಲಾಂದ್ರ, ಎರಡು ಊರು ಅಂತ ಅವರ ಒಪ್ಪಿಕೊಂಡ್ಹಂಗಾತು."

ಕೋಣೆ ಗೊಳ್ಳೆಂದು ನಕ್ಕಿತು. ಮೊದಲ ಹಾಳೆಯ ಮೊದಲ ಸಾಲು ಮಾಸ್ತರದೇ ಕೈಬರಹ. ಕೈ ತಾನಾಗಿಯೇ 'ಸಾ॥ ಹಿರೇಹೊಳಿ' ಎಂದು ಬರೆದಿತ್ತು. ಅವರ ಕೆಳಗೆ ಸಹಿ ಹಾಕಿದವರೆಲ್ಲ ಮಾಸ್ತರನ್ನು ನೋಡಿ ಹಾಗೆಯೇ ಬರೆದಿದ್ದರು. ಗಲ್ಲಿಯ ಆಚೆ ಸಹಿ ಸಂಗ್ರಹಿಸಿದ ಮುರ್ತುಜಸಾಬನದೂ ಅದೇ ಕಥೆ, ಊರು ಮಾತ್ರ ಕೆಂಚರಟ್ಟಿ. ಮುಳುಗಿದ ಊರು ಅವರ ಕೈಬರಹವನ್ನು ಇನ್ನೂ ಬಿಟ್ಟುಹೋಗಿರಲಿಲ್ಲ.

ಎಸಿ ತೃಪ್ತಿ ಮೇಡಂ ನಗಲಿಲ್ಲ. "ಸಂಜಿ ನಾಲ್ಕರ ತನಕಾ ವ್ಯಾಳ್ಯಾ ಕೊಡ್ತೇನಿ ಮಾಸ್ತರ. ಮನಿಗೊಬ್ರಂಗ ಹೊಸಾ ಸಹಿ ತರ್ರಿ. ನೀವು ಒಂದೂರವರು ಅನ್ನೋದು ನನಗ ಕಾಣಬೇಕು. ಇಲ್ಲಾಂದ್ರ ಗೆರಿ ಎಳಿಯೋದು ಬಿಟ್ರ ಬ್ಯಾರೆ ದಾರಿ ಇಲ್ಲ."

ಹೊರಗೆ ಬಂದದ್ದೇ ತಡ, ಹಳೆಯ ಜಗಳ ಹೆಡೆಯೆತ್ತಿತು.

"ಹೊಸ ಹಿರೇಹೊಳಿ ಅಂತ ಬರಿಸೂಣು," ಎಂದರು ಮಾಸ್ತರು. "ನಮ್ಮದು ದೊಡ್ಡೂರು."

"ಯಾಕ, ನಮ್ಮೂರಿಗೇನು ಹುಳಾ ಹತ್ತಿತ್ತೇನು?" ಎಂದ ಮುರ್ತುಜಸಾಬ. "ಹೊಸ ಕೆಂಚರಟ್ಟಿ ಅನ್ನಾಕ ನಿಮ್ಮ ಬಾಯಿ ಸುಡ್ತೈತೇನ್ರಿ?"

ಮಾತಿಗೆ ಮಾತು ಬೆಳೆಯಿತು. ಒಂದೇ ಟೆಂಪೋದಲ್ಲಿ ಹಿಂದಿರುಗಿದರೂ ಒಬ್ಬರು ಎಡಕ್ಕೆ ನೋಡಿದರು, ಇನ್ನೊಬ್ಬರು ಬಲಕ್ಕೆ. ಕೇಂದ್ರದ ಬಳಿ ಇಳಿದು, ತಮ್ಮ ತಮ್ಮ ಖಾಲಿ ಹಾಳೆ ಹಿಡಿದು, ಗಲ್ಲಿಯ ಆಚೆ ಒಬ್ಬ ಈಚೆ ಒಬ್ಬ ನಡೆದುಬಿಟ್ಟರು. ದೊಡ್ಡ ಮನುಷ್ಯರು!

ಮಾಸ್ತರ ಹೆಂಡತಿ ಶಿವಬಸವ್ವ ಎಲ್ಲವನ್ನೂ ಕೇಳಿ, ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ನಮ್ಮ ಮಗಳು ಪದ್ಮಶ್ರೀ ಬಾಣಂತನದಾಗ ನನಗ ಕಾಲು ಮುರಿದಿತ್ತು. ನಲವತ್ತು ದಿನ ಕೂಸಿಗೆ ಎರದಾಕಿ ಯಾರು? ಗಲ್ಲಿ ದಾಟಿ ಬಂದ ಮುರ್ತುಜಸಾಬನ ಹೇಣ್ತಿ ಕಾಸಿಂಬಿ. ನಾಳೆ ಗೆರಿ ಬಿದ್ರ ಆಕಿ ಬ್ಯಾರೆ ಊರಾಕಿ. ನೀರಿಗೆ ಹ್ವಾದ ಹೆಸರಿನ ಸಲುವಾಗಿ ಇದ್ದೂರು ಕಳಕೊಳ್ತೀರೇನು?"

ಹಿರೇಹೊಳಿಯ ಶಾಲೆಯ ಅಂಗಳ, ಅಪ್ಪನನ್ನು ಹೂಳಿದ ಗದ್ದುಗೆ, ಹೊಳೆಯ ಮೆಟ್ಟಿಲು ಎಲ್ಲ ಮಾಸ್ತರ ಕಣ್ಣ ಮುಂದೆ ಬಂದವು. ಅವನ್ನು ಇಟ್ಟುಕೊಳ್ಳಲು ಅವರ ಹತ್ತಿರ ಉಳಿದದ್ದು ಆ ಒಂದು ಹೆಸರೇ. ಅದನ್ನೂ ಬಿಡುವುದೆಂದರೆ ಎರಡನೇ ಸಲ ಊರು ಮುಳುಗಿಸಿದಂತೆ ಎನಿಸಿತು. ಆದರೆ ಹೊರಗೆ ಮನೆಗೊಬ್ಬರಂತೆ ಜನ ನಿಂತಿದ್ದರು, ಮಾಸ್ತರು ಏನು ಬರೆಯುತ್ತಾರೆಂದು ಕಾಯುತ್ತ.

ಅವರು ಹಾಳೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಒಂದೇ ಉಸಿರಿಗೆ ಬರೆದರು. ನಾಗಲಿಂಗ, ಸಾ॥ ಹೊಸ ಕೆಂಚರಟ್ಟಿ.

ಸಾಲಿನಲ್ಲಿದ್ದವರು ಮುಖ ಮುಖ ನೋಡಿಕೊಂಡರು. ಒಬ್ಬಿಬ್ಬರು ಗೊಣಗಿದರು. ಕೊನೆಗೆ ಯಾರೋ "ಮಾಸ್ತರ ಬರದ್ರಂದ್ರ ಬರಿಯೂಣು ನಡ್ರಿ" ಎಂದರು. ಎಂಬತ್ತಾರು ಮನೆಗಳ ಸಹಿ ಆಯಿತು.

ಮೂರೂ ಮುಕ್ಕಾಲಿಗೆ ಎಸಿ ಕಚೇರಿ ಮುಟ್ಟಿದಾಗ ಮುರ್ತುಜಸಾಬ ಮೊದಲೇ ಬಂದು ನಿಂತಿದ್ದ. ಇಬ್ಬರೂ ಮಾತಾಡದೆ ಒಳಗೆ ಹೋಗಿ ಹಾಳೆ ಕೊಟ್ಟರು. ತಾನು ಸೋತು ಬಂದಿದ್ದೇನೆ ಎಂದು ಇವನಿಗೆ ಹೇಳುವುದು ಹೇಗೆ ಎಂದು ಮಾಸ್ತರು ನೆಲ ನೋಡುತ್ತಿದ್ದರು.

ವಕೀಲರು ಬಗ್ಗಿ ನೋಡಿದವರೇ ಹಿಗ್ಗಿದರು. "ನೋಡ್ರಿ ಮೇಡಂ, ಮತ್ತ ಅದ! ಒಂದರಾಗ ಹೊಸ ಹಿರೇಹೊಳಿ, ಇನ್ನೊಂದರಾಗ ಹೊಸ ಕೆಂಚರಟ್ಟಿ!"

ನಾನು ಬಿಟ್ಟುಕೊಟ್ಟರೂ ಇವನು ಬಿಡಲಿಲ್ಲವೇ ಎಂದು ಮಾಸ್ತರು ಮುರ್ತುಜಸಾಬನ ಕಡೆ ಕೆಂಗಣ್ಣು ಬಿಟ್ಟರೆ, ಅವನೂ ಇವರನ್ನು ಹಾಗೆಯೇ ನೋಡುತ್ತಿದ್ದ.

ಮೇಡಂ ಹಾಳೆ ತಿರುಗಿಸಿದರು, ಮತ್ತೆ ತಿರುಗಿಸಿದರು. "ಮಾಸ್ತರ, ನಿಮ್ಮದು ಯಾವ ಊರು, ಮೂಲ?"

"ಹಿರೇಹೊಳಿ ರೀ."

"ಇಲ್ಲಿ ಕೆಂಚರಟ್ಟಿ ಅಂತ ಬರದೀರಿ. ಮುರ್ತುಜಸಾಬ, ನೀವು ಕೆಂಚರಟ್ಟಿಯವರು. ನಿಮ್ಮ ಹಾಳಿ ತುಂಬ ಹಿರೇಹೊಳಿ."

ಮಾಸ್ತರಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದಾಗ ನಗಬೇಕೋ ಅಳಬೇಕೋ ತಿಳಿಯದೆ ಕುರ್ಚಿ ಹಿಡಿದುಕೊಂಡರು. ಮುರ್ತುಜಸಾಬ ಟೊಪ್ಪಿಗೆ ತೆಗೆದು ಮುಖ ಒರೆಸಿಕೊಂಡ.

"ಹೆಸರು ಎರಡ ಅವ, ಖರೆ," ಎಂದರು ಮೇಡಂ ವಕೀಲರಿಗೆ, ಈ ಸಲ ನಗುತ್ತಲೇ. "ಹಿರೇಹೊಳಿಯವರು ಮೂಡಲಕ್ಕ, ಕೆಂಚರಟ್ಟಿಯವರು ಪಡುವಲಕ್ಕ ಅಂದ್ರಿ. ಇವರೊಳಗ ಯಾರು ಯಾವ ಊರವರು ಅಂತ ತಿಳ್ಕೊಂಡು ಗೆರಿ ಎಳೀಲಿ, ಹೇಳ್ರಿ? ಒಬ್ಬರ ಊರಿನ ಹೆಸರು ಇನ್ನೊಬ್ಬರು ಹೊತ್ತಾರ. ನನಗ ಇದು ಒಂದ ಊರು ಕಾಣಸ್ತದ."

ಅವರು ಆದೇಶ ಬರೆದು ಓದಿ ಹೇಳಿದರು. ಪ್ರತ್ಯೇಕ ಪಂಚಾಯ್ತಿ, ಗೆರೆಯಿಲ್ಲ. ಊರಿನ ಹೆಸರನ್ನು ಆ ಪಂಚಾಯ್ತಿಯೇ ತನ್ನ ಮೊದಲ ಸಭೆಯಲ್ಲಿ ತೀರ್ಮಾನಿಸತಕ್ಕದ್ದು. ಮಾಸ್ತರ ಹೆಗಲ ಮೇಲಿನ ಹನ್ನೊಂದು ವರ್ಷ ಸರಕ್ಕನೆ ಇಳಿದು ಹೋಯಿತು. ಇಷ್ಟು ಹಗುರಾಗಿ ಅವರು ಉಸಿರಾಡಿ ಎಷ್ಟು ಕಾಲವಾಗಿತ್ತೋ. ಕಚೇರಿಯ ಮೆಟ್ಟಿಲ ಮೇಲೆ ಕೂತು, ಯಾರು ನೋಡುತ್ತಾರೆಂಬ ಖಬರಿಲ್ಲದೆ ಕಣ್ಣೀರು ಸುರಿಸಿದರು.

ಮುರ್ತುಜಸಾಬ ಪಕ್ಕದಲ್ಲಿ ಕೂತ. "ಅಳಬ್ಯಾಡ್ರಿ ಮಾಸ್ತರ. ಒಂದು ಮಾತು ಈಗ ಹೇಳ್ತೇನಿ. ಮೊದಲನೇ ಸಭಾದಾಗ ಹೊಸ ಹಿರೇಹೊಳಿನ ಆಗಬೇಕು. ನಾ ಬಿಡಾಂವಲ್ಲ."

ಮಾಸ್ತರು ಕಣ್ಣೊರೆಸಿಕೊಂಡು ಸೆಟೆದು ಕೂತರು. "ಆಗಾಂಗಿಲ್ಲ. ಕೆಂಚರಟ್ಟಿ ಅಂತ ಬರದ ಮ್ಯಾಲೆ ಕೆಂಚರಟ್ಟಿನ."

"ಹೆಂಗ ಆಗಾಂಗಿಲ್ಲ?"

"ಸಭಾಕ್ಕ ಬಾ, ತೋರಸ್ತೇನಿ!"

ಇಬ್ಬರೂ ಬಸ್ಸಿನವರೆಗೆ ಜಗಳಾಡುತ್ತ ಹೋದರು, ಬಸ್ಸಿನಲ್ಲಿಯೂ ಆಡಿದರು. ಇನ್ನು ಆ ಜಗಳವನ್ನು ಬಗೆಹರಿಸಲು ಹೊರಗಿನವರು ಯಾರೂ ಬರಬೇಕಾಗಿರಲಿಲ್ಲ.